ಎರಡನೇ ಸಾಲಿನ ಖಾಲಿ ಜಾಗ

ನಮ್ಮ ಮಾವನವರು ಶಾಲೆಗಳ ಫೋಟೋಗ್ರಾಫರ್. ಮದುವೆಗಳಿಗೆ ಹೋಗುವವರಲ್ಲ, ಹಕ್ಕಿ ಹುಲಿಗಳ ಹಿಂದೆ ಬಿದ್ದವರೂ ಅಲ್ಲ. ಮೂವತ್ತೊಂದು ವರ್ಷದಿಂದ ಅವರು ತೆಗೆಯುತ್ತಿರುವುದು ಒಂದೇ ಥರದ ಫೋಟೋ: ಕುರ್ಚಿಗಳಲ್ಲಿ ಕೂತವರ ನಡುವೆ ಟೀಚರ್, ಅವರ ಹಿಂದೆ ನಿಂತವರ ಸಾಲು, ಅದರ ಹಿಂದೆ ಬೆಂಚು ಹತ್ತಿ ನಿಂತವರ ಸಾಲು. ಊರಿನಲ್ಲಿ ನಲವತ್ತರೊಳಗಿನ ಯಾರನ್ನು ಕಂಡರೂ ಅವರಿಗೆ ಮೊದಲು ನೆನಪಾಗುವುದು ಆ ಮನುಷ್ಯ ಯಾವ ಸಾಲಿನಲ್ಲಿದ್ದ ಎನ್ನುವುದು. ತರಕಾರಿ ಅಂಗಡಿಯವನು ಮೂರನೇ ಸಾಲು, ಎಡ ತುದಿ. ಬ್ಯಾಂಕಿನ ಮ್ಯಾನೇಜರ್ ಮುಂದೆ ಕೂತವರು, ಶೂ ಲೇಸು ಬಿಚ್ಚಿತ್ತು. ನನ್ನ ಗಂಡ ಲಿಫ್ಟ್ ರಿಪೇರಿ ಮಾಡುವವರು. ಅಪ್ಪನ ಬಾಯಲ್ಲಿ ಅವರಿಗೂ ವಿನಾಯಿತಿ ಇಲ್ಲ. "ಎರಡನೇ ಸಾಲು. ಪ್ರತಿ ವರ್ಷ ತಪ್ಪದೆ ಕಣ್ಣು ಮುಚ್ಚಿದವನು."

ಮಕ್ಕಳನ್ನು ನಗಿಸಲು ಅವರದೊಂದು ಉಪಾಯವಿದೆ. ಕ್ಯಾಮೆರಾ ಹಿಂದೆ ನಿಂತು ತೀರಾ ಗಂಭೀರವಾಗಿ, "ಇವತ್ತು ಹಲ್ಲುಜ್ಜದೆ ಬಂದವರು ಮಾತ್ರ ಬಾಯಿ ಮುಚ್ಚಿಕೊಳ್ಳಿ" ಎನ್ನುತ್ತಾರೆ. ಮೂವತ್ತಾರು ಬಾಯಿಗಳು ಒಟ್ಟಿಗೆ ತೆರೆದುಕೊಳ್ಳುತ್ತವೆ. ಟೀಚರದೂ ಸೇರಿ.

ಇನ್ನೊಂದು ಪದ್ಧತಿಯಿದೆ. ನಾನು ಇದನ್ನೆಲ್ಲ ಬರೆಯಲು ಕಾರಣವೇ ಅದು. ಫೋಟೋ ತೆಗೆಯುವ ದಿನ ಯಾವುದಾದರೂ ಮಗು ಶಾಲೆಗೆ ಬಂದಿರದಿದ್ದರೆ ಮಾವ ಸಾಲಿನಲ್ಲಿ ಅದರ ಜಾಗ ಬಿಡಿಸುತ್ತಾರೆ. "ಅವನು ಇದ್ದಿದ್ರೆ ಎಲ್ಲಿ ನಿಲ್ತಿದ್ದ?" ಎಂದು ಮಕ್ಕಳನ್ನೇ ಕೇಳುತ್ತಾರೆ. ಮಕ್ಕಳು ಸ್ವಲ್ಪ ಜಗಳವಾಡಿ ತೀರ್ಮಾನಿಸುತ್ತಾರೆ. ಆ ಜಾಗದಲ್ಲಿ ತಮ್ಮ ಕ್ಯಾಮೆರಾ ಚೀಲ ಹಿಡಿದು ಅಗಲ ಸರಿಮಾಡಿ, ಕ್ಲಿಕ್ಕಿಸುವ ಮೊದಲು ಚೀಲ ತೆಗೆಯುತ್ತಾರೆ. ಖಾಲಿ ಜಾಗದ ಜೊತೆ ಎಂಟು ಫೋಟೋ. ಆಮೇಲೆ ಸಾಲು ಕೂಡಿಸಿ ಇನ್ನೆರಡು. ಮಗು ವರ್ಷ ಮುಗಿಯುವವರೆಗೂ ಬಾರದೇ ಹೋದರೆ ಇರಲಿ ಎಂದು. ಮಗು ಮರಳಿ ಬಂದ ದಿನ, ಅದೇ ಗೋಡೆಯ ಮುಂದೆ, ಅದೇ ಹೊತ್ತಿನ ಬಿಸಿಲಲ್ಲಿ ಅದನ್ನೊಂದೇ ನಿಲ್ಲಿಸಿ ತೆಗೆದು, ಕಂಪ್ಯೂಟರಿನಲ್ಲಿ ಅದರ ಜಾಗಕ್ಕೆ ತಂದು ನಿಲ್ಲಿಸುತ್ತಾರೆ.

ಈ ಮನೆಗೆ ಬಂದ ಹೊಸತರಲ್ಲಿ ನಾನು ಕೇಳಿದ್ದೆ, "ತುದೀಲಿ ಸೇರಿಸಿಬಿಟ್ರೆ ಕೆಲಸ ಸುಲಭ ಅಲ್ವಾ ಮಾವ?"

"ಸುಲಭವೇ. ಆದ್ರೆ ತುದೀಲಿ ನಿಲ್ಸಿದ್ರೆ ಆಮೇಲೆ ಬಂದು ಸೇರಿದವರ ಥರ ಕಾಣ್ತಾರಮ್ಮ. ಆ ಮಗು ವರ್ಷಪೂರ್ತಿ ನಡುವೇನೇ ಇತ್ತಲ್ಲ."

ಒಮ್ಮೆ ಹಾಗೆ ಜಾಗ ಬಿಟ್ಟಿದ್ದಾಗ, ರಜೆ ಅಂದುಕೊಂಡಿದ್ದ ಹುಡುಗ ತಡವಾಗಿ ಓಡಿ ಬಂದು, ಕ್ಲಿಕ್ ಎನ್ನುವ ಹೊತ್ತಿಗೆ ಸರಿಯಾಗಿ ಆ ಜಾಗಕ್ಕೆ ಹಾರಿದನಂತೆ. ಸಾಲಿನ ನಡುವೆ ಅಡ್ಡಲಾಗಿ ತೇಲುತ್ತಿರುವ ಹುಡುಗ, ಒಂದು ಕಾಲಿನ ಶೂ ಇಲ್ಲ. ಮಾವ ತಮ್ಮ ಕೋಣೆಯಲ್ಲಿ ಚೌಕಟ್ಟು ಹಾಕಿಸಿ ತೂಗುಹಾಕಿರುವ ಫೋಟೋ ಅದೊಂದೇ.

ಇಷ್ಟು ವರ್ಷದ ಫೋಟೋಗಳು ನಮ್ಮ ಮನೆಯಲ್ಲಿ ಎಲ್ಲಿದ್ದವು ಎಂದರೆ ಚಪ್ಪಲಿ ಕಪಾಟಿನಲ್ಲಿ. ಹಳೆಯ ನೆಗೆಟಿವ್‌ಗಳನ್ನೂ ಬಿಡುವಾದಾಗ ಸ್ಕ್ಯಾನ್ ಮಾಡಿ ಹಾಕಿದ್ದರಿಂದ ಹಾರ್ಡ್ ಡಿಸ್ಕ್‌ಗಳು ಹತ್ತೊಂಬತ್ತಾಗಿದ್ದವು. ಧೂಳು ಹಿಡಿಯಬಾರದೆಂದು ಒಂದೊಂದಕ್ಕೂ ಒಂದೊಂದು ಕಾಲುಚೀಲ.

"ಈ ಮನೇಲಿ ಚಪ್ಪಲಿ ಬಾಗಿಲ ಹೊರಗೆ, ಫೋಟೋ ಚಪ್ಪಲಿ ಕಪಾಟಲ್ಲಿ" ಎಂದು ಅತ್ತೆ ಗೊಣಗುತ್ತಿದ್ದರು. "ಕಾಲುಚೀಲ ಮಾತ್ರ ಯಾರ ಕಾಲಿಗೂ ಇಲ್ಲ." ಅವರ ಗೊಣಗಾಟಕ್ಕೆ ಹಕ್ಕಿದೆ. ಮಾವ ತೆಗೆದ ಫೋಟೋಗಳನ್ನು ರಟ್ಟಿಗೆ ಅಂಟಿಸಿ, ಕೆಳಗೆ ಎಡದಿಂದ ಬಲಕ್ಕೆ ಎಲ್ಲರ ಹೆಸರನ್ನು ಮುತ್ತಿನಂಥ ಅಕ್ಷರದಲ್ಲಿ ಬರೆಯುವವರು ಅವರೇ.

ಈ ವರ್ಷದ ಶುರುವಿನಲ್ಲಿ ಹನ್ನೊಂದನೇ ಕಾಲುಚೀಲದೊಳಗಿನ ಡಿಸ್ಕ್ ಗಡಿಯಾರದ ಹಾಗೆ ಟಿಕ್ ಟಿಕ್ ಎನ್ನತೊಡಗಿತು. ಎರಡು ದಿನ ಅದರ ಮುಂದೆ ಕೂತು ಸಿಕ್ಕಷ್ಟನ್ನು ಬಾಚಿಕೊಂಡೆವು. ಒಂದು ಶಾಲೆಯ ಮೂರು ವರ್ಷ ಪೂರ್ತಿ ಹೋಯಿತು. ನನ್ನ ಗಂಡನ ಏಳನೇ ಕ್ಲಾಸು ಅದರಲ್ಲಿತ್ತು.

"ಹೋಗ್ಲಿ ಬಿಡಿ ಅಪ್ಪ, ಹೇಗಿದ್ರೂ ಕಣ್ಣು ಮುಚ್ಚಿದ್ದೆ" ಎಂದು ಇವರು ನಗಿಸಲು ನೋಡಿದರು. ಮಾವ ನಗಲಿಲ್ಲ. ಟೀ ಆರಿ ಕೆನೆ ಕಟ್ಟುವವರೆಗೂ ಕೈಯಲ್ಲೇ ಹಿಡಿದು ಕೂತಿದ್ದರು. ಆಮೇಲೆ ನನ್ನ ಕಡೆ ತಿರುಗಿ, "ಇದಕ್ಕೊಂದು ದಾರಿ ನೋಡಮ್ಮ. ನೀನು ಎಲ್ಲಾನೂ ಬರೆದು ಅಳೆದು ಮಾಡೋಳು" ಎಂದರು.

ಮಗಳು ಹುಟ್ಟುವ ಮೊದಲು ನಾನು ಔಷಧಿ ಗೋದಾಮಿನಲ್ಲಿ ದಾಸ್ತಾನು ನೋಡಿಕೊಳ್ಳುತ್ತಿದ್ದೆ. ಅಲ್ಲಿಂದ ಎರಡು ಚಟ ಮನೆಗೆ ಬಂದಿವೆ. ಒಂದು, ದಿನ ನಡೆದದ್ದನ್ನೆಲ್ಲ ಬರೆದಿಡುವುದು. ಇನ್ನೊಂದು, ಒಂದೇ ಮಾತ್ರೆ ಎರಡು ಕಪಾಟಿನಲ್ಲಿ ಕಂಡರೆ ಕೈ ತುರಿಸುವುದು. ಮೊದಲನೆಯ ಚಟದಿಂದ ಯಾರಿಗೂ ತೊಂದರೆಯಾಗಿಲ್ಲ.

ಮಗಳನ್ನು ಸೊಂಟಕ್ಕೇರಿಸಿಕೊಂಡು ಕಂಪ್ಯೂಟರ್ ಅಂಗಡಿಗೆ ಹೋದೆ. ಅವಳಿಗೆ ಎರಡು ವರ್ಷ. ಹುಟ್ಟಿದಾಗ ಇದ್ದದ್ದೇ ಅಷ್ಟು ಎಂದು ಅತ್ತೆ ಕರೆದ ಹೆಸರು ಬಟಾಣಿ, ಅದೇ ಉಳಿದಿದೆ. ಅಂಗಡಿಯಾಕೆ ಕನ್ನಡಕವನ್ನು ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟುಕೊಂಡ, ನಡುವಯಸ್ಸು ದಾಟಿದ ಹೆಂಗಸು. ಮಾರುವ ಮೊದಲು ಕೇಳುವ ಜಾತಿ. ವರ್ಷಕ್ಕೆ ಎಷ್ಟು ಫೋಟೋ? ಒಂದೊಂದು ಎಷ್ಟು ದೊಡ್ಡದು? ಒಟ್ಟಿಗೆ ಎಷ್ಟು ಜನ ತೆರೆದು ನೋಡ್ತೀರಿ? ಇಡೋ ಕೋಣೇಲಿ ಮಗು ಮಲಗುತ್ತಾ, ಸದ್ದಾದ್ರೆ ಏಳುತ್ತಾ?

"ನಿಮಗೆ ಬೇಕಾಗಿರೋದು ನ್ಯಾಸ್" ಎಂದರು. "ಡಿಸ್ಕ್ ಹಾಕೋ ಪೆಟ್ಟಿಗೆ ಅಷ್ಟೇ. ಮನೆ ವೈಫೈ ರೌಟರ್‌ಗೆ ಸಿಗಿಸಿಬಿಟ್ರೆ ಯಾವ ಕೋಣೆಯಿಂದ ಬೇಕಾದ್ರೂ, ಫೋನಲ್ಲಿ ಬೇಕಾದ್ರೂ ನೋಡ್ಕೋಬಹುದು. ಎರಡು ಡಿಸ್ಕಿಂದು ಇದೆ, ನಾಲ್ಕು ಡಿಸ್ಕಿಂದು ಇದೆ. ಈ ಎರಡರದ್ದರಲ್ಲಿ ಒಂದಕ್ಕೊಂದು ಕನ್ನಡಿ. ಒಂದರಲ್ಲಿ ಏನಿದೆಯೋ ಇನ್ನೊಂದರಲ್ಲೂ ಅದೇ. ಒಂದು ಕೆಟ್ಟರೆ ಇನ್ನೊಂದು ಕೈ ಹಿಡಿಯುತ್ತೆ. ಆದ್ರೆ ಒಂದು ಮಾತು ಮರೀಬೇಡಿ..."

ಆ ಒಂದು ಮಾತು ನನ್ನ ಕಿವಿಗೆ ಬೀಳಲಿಲ್ಲ. ಅದೇ ಹೊತ್ತಿಗೆ ಬಟಾಣಿ ಕೆಳಗಿನ ಗೂಟದಿಂದ ವೈರುಗಳ ಗೊಂಚಲೊಂದನ್ನು ಎಳೆದಳು, ಅದರ ಹಿಂದೆ ಇಡೀ ಹಲಗೆಯೇ ಬಂತು. ಹೆಕ್ಕಿ, ಕ್ಷಮೆ ಕೇಳಿ, ಮತ್ತೆ ತೂಗುಹಾಕುವಷ್ಟರಲ್ಲಿ ಇಬ್ಬರಿಗೂ ಮಾತು ಮರೆತಿತ್ತು. ನಾಲ್ಕು ಡಿಸ್ಕಿನದು ನಮ್ಮ ಅಳವಿಗೆ ಮೀರಿದ್ದು ಎಂದು ನನ್ನ ಮುಖ ನೋಡಿಯೇ ತಿಳಿದ ಆಕೆ, ತೋರಿಸಲು ಇಟ್ಟಿದ್ದ ಎರಡು ಡಿಸ್ಕಿನ ಹಳೆಯ ಪೆಟ್ಟಿಗೆಯನ್ನು ಕೊಟ್ಟು, "ಮೂರು ವಾರ ಮನೇಲಿ ಇಟ್ಟು ನೋಡಿ, ಆಮೇಲೆ ಮಾತಾಡೋಣ" ಎಂದರು.

ಪೆಟ್ಟಿಗೆ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಕೂತಿತು. ಮಾವನ ಕಂಪ್ಯೂಟರ್ ತುಂಬಿ ಉಸಿರಾಡಲಾಗದ ಸ್ಥಿತಿಯಲ್ಲಿತ್ತು. ಮೊದಲು ಈ ವರ್ಷದ ಅಷ್ಟೂ ಶಾಲೆಗಳನ್ನು ಪೆಟ್ಟಿಗೆಗೆ ಸಾಗಿಸಿ, ಕಂಪ್ಯೂಟರಿನಿಂದ ತೆಗೆದೆ.

"ಎರಡು ಕಡೆ ಇದೆ ತಾನೇ?" ಎಂದು ಮಾವ ಕೇಳಿದರು.

"ಇದೆ ಮಾವ. ಎರಡು ಡಿಸ್ಕಲ್ಲೂ ಇದೆ."

"ಹಾಗಾದ್ರೆ ಸರಿ" ಎಂದು ಅವರು ಕ್ಯಾಮೆರಾದ ಕಾರ್ಡುಗಳನ್ನು ಅಳಿಸಿ ಮುಂದಿನ ಶಾಲೆಗೆ ಸಿದ್ಧಮಾಡಿಕೊಂಡರು.

ಈಗ ನನ್ನ ಎರಡನೆಯ ಚಟಕ್ಕೆ ಬರುತ್ತೇನೆ. ಹತ್ತೊಂಬತ್ತು ಕಾಲುಚೀಲಗಳೂ ಈ ಪೆಟ್ಟಿಗೆಯಲ್ಲಿ ಹಿಡಿಸಬೇಕಲ್ಲ ಎಂದು ಅಳೆಯಲು ಕೂತೆ. ಒಂದೊಂದು ಕ್ಲಾಸಿಗೆ ಹತ್ತು ಹತ್ತು ಫೋಟೋ, ನನ್ನ ಕಣ್ಣಿಗೆ ಹತ್ತೂ ಒಂದೇ. ಅದೇ ಗೋಡೆ, ಅದೇ ಮುಖಗಳು, ಅದೇ ಹಲ್ಲು. ಪೆಟ್ಟಿಗೆಯ ಜೊತೆ ಬಂದ ಒಂದು ಸೌಲಭ್ಯವಿತ್ತು: ಒಂದೇ ಥರದ ಫೋಟೋಗಳನ್ನು ತಾನೇ ಗುಂಪು ಮಾಡಿ, ಎಲ್ಲಕ್ಕಿಂತ ಚೆನ್ನಾಗಿರುವ ಒಂದನ್ನು ಉಳಿಸಿ, ಮಿಕ್ಕದ್ದನ್ನು ಕಸದ ಬುಟ್ಟಿಗೆ ಹಾಕುತ್ತದೆ. ಹತ್ತರಲ್ಲಿ ಒಂದು! ದೊಡ್ಡ ಪೆಟ್ಟಿಗೆಯ ಚಿಂತೆಯೇ ಬೇಡ. ಮೊದಲು ಈ ವರ್ಷದ್ದರ ಮೇಲೆ ಪರೀಕ್ಷಿಸಿ, ಮಾವನಿಗೆ ತೋರಿಸಿ ಶಭಾಷ್ ಎನ್ನಿಸಿಕೊಳ್ಳೋಣ ಎಂದುಕೊಂಡೆ. ಬಟಾಣಿ ಮಧ್ಯಾಹ್ನದ ನಿದ್ದೆ ಮುಗಿಸುವ ಮೊದಲು ಕೆಲಸ ಮುಗಿದಿತ್ತು. ಬುಟ್ಟಿ ಖಾಲಿ ಮಾಡದಿದ್ದರೆ ಅದೇನು ಗುಡಿಸಿದಂತೆ ಎಂದು ಬುಟ್ಟಿಯನ್ನೂ ಖಾಲಿ ಮಾಡಿದೆ. ಅವತ್ತಿನ ದಿನಚರಿಯಲ್ಲಿ ನನ್ನದೇ ಅಕ್ಷರದಲ್ಲಿ ಹೀಗಿದೆ: "ಮನೆಯೆಲ್ಲ ಒರೆಸಿದಷ್ಟು ಹಗುರ."

ಹತ್ತು ದಿನ ಕಳೆದವು. ಒಂದು ಗುರುವಾರ ಮಾವ ಖುಷಿಯಲ್ಲಿ ಬಂದರು. ಜಾರುಬಂಡೆಯಿಂದ ಬಿದ್ದು ಕಾಲು ಮುರಿದುಕೊಂಡು ಆಸ್ಪತ್ರೆ ಸೇರಿದ್ದ ಐದನೇ ಕ್ಲಾಸಿನ ಹುಡುಗಿ ಎಂಟು ವಾರದ ಮೇಲೆ ಸೋಮವಾರ ಶಾಲೆಗೆ ಬರುತ್ತಾಳಂತೆ. ಅದೇ ವಾರದ ಶುಕ್ರವಾರ ಶಾಲೆಗೆ ಕೊನೆಯ ದಿನ, ಅಷ್ಟರಲ್ಲಿ ಎಲ್ಲರ ಕೈಗೂ ಫೋಟೋ ಸಿಗಬೇಕು. ಐದರ ನಂತರ ಆ ಮಕ್ಕಳು ಬೇರೆ ಬೇರೆ ಶಾಲೆಗೆ ಹೋಗುವವರು. ಒಟ್ಟಿಗಿರುವ ಫೋಟೋ ಇದೊಂದೇ. ಅವರ ಟೀಚರೂ ಆಗಲೇ ವರ್ಗವಾಗಿ ಹೋಗಿದ್ದರು, ಮತ್ತೆ ಎಲ್ಲರನ್ನೂ ನಿಲ್ಲಿಸುವ ಮಾತಿಲ್ಲ.

"ಆ ಖಾಲಿ ಜಾಗದ್ದು ತೆಗೆದಿಡಮ್ಮ. ಎರಡನೇ ಸಾಲು, ಬಲದಿಂದ ನಾಲ್ಕನೇದು" ಎಂದು ಹೇಳಿ ಕೈಕಾಲು ತೊಳೆಯಲು ಹೋದರು.

ತೆರೆದೆ. ಆ ಕ್ಲಾಸಿನದು ಒಂದೇ ಫೋಟೋ ಇತ್ತು. ಎಲ್ಲರ ಕಣ್ಣು ತೆರೆದಿದೆ, ಎಲ್ಲರ ಹಲ್ಲು ಕಾಣುತ್ತದೆ, ಚುಕ್ಕಿಯಷ್ಟೂ ಮಸುಕಿಲ್ಲ. ಎರಡನೇ ಸಾಲು ಬಲದಿಂದ ಎಣಿಸಿದೆ. ಎಡದಿಂದ ಎಣಿಸಿದೆ. ಸಾಲು ಕೂಡಿತ್ತು. ಕೊನೆಗೆ ತೆಗೆದ ಎರಡರಲ್ಲಿ ಒಂದನ್ನು ಪೆಟ್ಟಿಗೆ ಚೆಂದವೆಂದು ಉಳಿಸಿಕೊಂಡಿತ್ತು. ಜಾಗ ಬಿಟ್ಟ ಎಂಟನ್ನೂ ನಾನು ಗುಡಿಸಿ ಹೊರಗೆ ಹಾಕಿದ್ದೆ.

ಹಿತ್ತಲಿಗೆ ಹೋಗಿ ಅಂಗಡಿಯಾಕೆಗೆ ಫೋನ್ ಮಾಡಿದೆ. ಕನ್ನಡಿಯ ಇನ್ನೊಂದು ಡಿಸ್ಕಿನಿಂದ ತೆಗೆಯಬಹುದಲ್ಲ ಎಂದು ಕೇಳಿದೆ.

"ಅವತ್ತು ಹೇಳೋಕೆ ಹೊರಟಿದ್ದೇ ಅದು" ಎಂದರು ಆಕೆ. "ಕನ್ನಡಿ ಬೇರೆ, ಬ್ಯಾಕಪ್ ಬೇರೆ ಕಣ್ರೀ. ಕನ್ನಡಿ ಮುಂದೆ ನಿಂತು ನೀವು ಜಡೆ ಕತ್ತರಿಸಿಕೊಂಡ್ರೆ ಒಳಗಿರೋಳ ಜಡೆ ಉಳಿಯುತ್ತಾ? ಡಿಸ್ಕ್ ಕೆಟ್ಟರೆ ಅದು ಕಾಯುತ್ತೆ. ನಾವು ಕೆಟ್ಟದ್ದು ಮಾಡಿದ್ರೆ ಕಾಯಲ್ಲ. ಈ ಹಳೇ ಪೆಟ್ಟಿಗೇಲಿ ಹಿಂದಿನ ದಿನದ್ದನ್ನ ನೆನಪಿಟ್ಟುಕೊಳ್ಳೋ ವ್ಯವಸ್ಥೇನೂ ಇಲ್ಲ. ಅಯ್ಯೋ, ಹೊಸ ಮಾಡೆಲ್ಲೇ ಕೊಡಬೇಕಿತ್ತು ನಿಮಗೆ."

ಇವರಿಗೆ ಮಾತ್ರ ಹೇಳಿದೆ. ಸಂಜೆ ಕೆಲಸದಿಂದ ಬಂದವರು ಬಟ್ಟೆಯನ್ನೂ ಬದಲಿಸದೆ ಮೆಟ್ಟಿಲ ಕೆಳಗೆ ಬಗ್ಗಿ ಕೂತು, ಅಳಿಸಿದ್ದನ್ನು ಮರಳಿ ತೆಗೆಯುವ ಎರಡು ಮೂರು ಸಾಫ್ಟ್‌ವೇರ್ ಪ್ರಯತ್ನಿಸಿದರು. ಅಷ್ಟರಲ್ಲಿ ಅಳಿಸಿದ ಜಾಗದ ಮೇಲೆ ಇನ್ನೂ ನಾಲ್ಕು ಶಾಲೆಗಳನ್ನು ತುಂಬಿದ್ದೆನಲ್ಲ. ಸಿಕ್ಕಿದ್ದು ಅರ್ಧ ಆಕಾಶ, ಟೀಚರ ಒಂದು ಕೈ.

"ಲಿಫ್ಟ್ ಆಗಿದ್ರೆ ಎಲ್ಲಿ ಸಿಕ್ಕಿಹಾಕಿಕೊಂಡಿದ್ರೂ ಎಳೆದು ಮೇಲೆ ತರ್ತಿದ್ದೆ ಕಣೇ" ಎಂದರು. ಶುಕ್ರವಾರವೂ ನೋಡಿದರು. ಆಗಲಿಲ್ಲ. "ಅಪ್ಪನಿಗೆ ನಾನು ಹೇಳಲಾ?"

"ಬೇಡ. ಅಳಿಸಿದೋಳು ನಾನು, ನಾನೇ ಹೇಳ್ತೀನಿ."

ಶನಿವಾರ ಬೆಳಿಗ್ಗೆ ಮಾವ ಎಂದಿನಂತೆ ಬಟ್ಟೆಚೀಲ ಹೆಗಲಿಗೇರಿಸಿ ಟೈಲರ್ ಅಂಗಡಿಗೆ ಹೊರಡುತ್ತಿದ್ದರು. ಟೈಲರ್ ಅವರ ಚಡ್ಡಿ ಕಾಲದ ಗೆಳೆಯ. ಎರಡು ಬೀದಿ ಆಚೆ ಅಂಗಡಿ. ಶನಿವಾರ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಹೋಗುವುದು ವಾಡಿಕೆ. ದಿನಕ್ಕೆರಡು ಸಲ ಹೋಗಿ ಹರಟುವಂಥದ್ದು ಏನಿರುತ್ತದೋ ಎಂದು ನಾನೂ ಅತ್ತೆಯೂ ಎಷ್ಟೋ ಸಲ ನಕ್ಕಿದ್ದೇವೆ.

"ಮಾವ, ಆ ಐದನೇ ಕ್ಲಾಸಿನ ಖಾಲಿ ಜಾಗದ ಫೋಟೋ ಎಂಟನ್ನೂ ನಾನು ಅಳಿಸಿಬಿಟ್ಟೆ" ಎಂದೆ. ಒಂದೇ ಉಸಿರಿಗೆ ಮಿಕ್ಕದ್ದನ್ನೂ ಹೇಳಿದೆ.

ಅವರು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

"ಎರಡು ಕಡೆ ಇದೆ ಅಂದಿದ್ದೆಯಲ್ಲಮ್ಮ?"

"ಎರಡು ಡಿಸ್ಕಲ್ಲಿತ್ತು. ಎರಡರಲ್ಲೂ ಹೋಯ್ತು."

"ಆ ಎರಡೂ ಎಲ್ಲಿದ್ದವು?"

"ಒಂದೇ ಪೆಟ್ಟಿಗೇಲಿ."

"ಎರಡು ಕಡೆ ಅಂದ್ರೆ ಎರಡು ಬಾಗಿಲು ಕಣಮ್ಮ" ಎಂದರು ಮೆಲ್ಲಗೆ. "ಒಂದು ಬಾಗಿಲೊಳಗೆ ಏನಾದ್ರೂ ಆದ್ರೆ ಇನ್ನೊಂದು ಬಾಗಿಲು ತಟ್ಟೋ ಹಾಗಿರಬೇಕು."

ಅಡುಗೆಮನೆಯಿಂದ ಅತ್ತೆಯ ಧ್ವನಿ ಬಂತು: "ರೀ, ಬೈಯೋದಿದ್ರೆ ಈಗಲೇ ಬೈದು ಮುಗಿಸಿಬಿಡಿ. ವಾರವೆಲ್ಲ ಮುಖ ಊದಿಸ್ಕೊಂಡು ಕೂರಬೇಡಿ."

"ಬೈಯೋಕೆ ಪುರುಸೊತ್ತಿಲ್ಲ" ಎಂದರು ಮಾವ. "ಚಪ್ಪಲಿ ಹಾಕ್ಕೋ. ಬಟಾಣೀನ ನಿಮ್ಮತ್ತೆ ಹತ್ರ ಬಿಟ್ಟು ಬಾ."

ದಾರಿಯಲ್ಲಿ ಹೇಳಿದರು. ಫಿಲಂ ಕಾಲದಲ್ಲಿ ಅವರ ಡಾರ್ಕ್‌ರೂಮಿನ ಮೇಲಿನ ನೀರಿನ ಟ್ಯಾಂಕ್ ಒಡೆದು, ಮಕ್ಕಳ ಕೈಗೆ ಕೊಡಬೇಕಿದ್ದ ಒಂದಿಡೀ ವರ್ಷದ ನೆಗೆಟಿವ್ ಅಂಟಿ ಮುದ್ದೆಯಾಗಿತ್ತಂತೆ. ಅಂದಿನಿಂದ ಒಂದು ನಿಯಮ: ಫೋಟೋ ಮಕ್ಕಳ ಕೈ ಸೇರುವವರೆಗೆ ಅದರ ಇನ್ನೊಂದು ಪ್ರತಿ ಟೈಲರ್ ಅಂಗಡಿಯಲ್ಲಿರಬೇಕು. ಮೊದಲು ನೆಗೆಟಿವ್‌ಗಳ ಡಬ್ಬಿ, ಈಗ ಅಲ್ಲಿನ ಗುಂಡಿಗಳ ಡಬ್ಬಿಯೊಳಗಿಡುವ ಒಂದು ಹಾರ್ಡ್ ಡಿಸ್ಕ್. ಶನಿವಾರ ಬೆಳಿಗ್ಗೆ ಅದನ್ನು ಚೀಲದಲ್ಲಿ ಮನೆಗೆ ತಂದು, ವಾರದ ಕೆಲಸ ತುಂಬಿ, ಸಂಜೆ ಹಿಂದಿರುಗಿಸಿ ಬರುವುದು. ವರ್ಷ ಮುಗಿದ ಮೇಲೆ ಅಳಿಸಿ, ಅದೇ ಡಿಸ್ಕಿಗೆ ಮುಂದಿನ ವರ್ಷ.

"ನಮಗ್ಯಾರಿಗೂ ಹೇಳೇ ಇಲ್ವಲ್ಲ ಮಾವ!"

"ನಿಮ್ಮತ್ತೆಗೆ ಹೇಳಿದ್ರೆ, ಮನೇಲಿ ಇಡೋಕೆ ಜಾಗ ಇಲ್ಲ ಅಂತ ಊರೆಲ್ಲ ಹಂಚ್ತಿದ್ದೀರಾ ಅಂತಾಳೆ" ಎಂದರು. ಆಮೇಲೆ ಹೆಜ್ಜೆ ನಿಧಾನವಾಯಿತು. "ನೀನು ಪೆಟ್ಟಿಗೆ ತಂದ ಮೇಲೆ ಎರಡು ಶನಿವಾರ ಡಿಸ್ಕ್ ತರಲಿಲ್ಲ. ಖಾಲಿ ಚೀಲ ಹೊತ್ಕೊಂಡು ಹೋಗಿ ಬಂದೆ. ಹಳೇದು ಹಾಗೇ ಇಟ್ಟಿದ್ರೆ ಅದ್ರಲ್ಲಿರಬೇಕು."

ಟೈಲರ್ ಅಂಗಡಿ ಎಂದರೆ ಒಂದು ಕೋಣೆ, ಎರಡು ಹೊಲಿಗೆ ಯಂತ್ರ, ಗೋಡೆಯುದ್ದಕ್ಕೂ ಒಂದು ಕತ್ತರಿಸುವ ಮೇಜು. ಟೈಲರ್ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಕೋಟಿನ ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದರು.

"ಬಾರಯ್ಯ" ಎಂದರು ಸೂಜಿಗಳ ನಡುವಿಂದ. "ಏನು, ಸೊಸೇನೂ ಕರ್ಕೊಂಡು ಬಂದಿದ್ದೀಯ? ನನ್ನನ್ನ ಕೆಲಸದಿಂದ ತೆಗೆದದ್ದಕ್ಕೆ ಕಾಗದ ಕೊಡೋಕಾ?"

"ಮತ್ತೆ ಸೇರಿಸ್ಕೊಳ್ಳೋಕೆ. ಡಿಸ್ಕ್ ಎಲ್ಲಿ?"

ಟೈಲರ್ ಗುಂಡಿಗಳ ಡಬ್ಬಿಯ ಕಡೆ ನೋಡಲಿಲ್ಲ. ನಿಧಾನಕ್ಕೆ ಮೇಜಿನ ತುದಿಗೆ ಕೈ ತೋರಿಸಿದರು. ಅಲ್ಲಿ ಕೋಟಿನ ಬಟ್ಟೆ ಜಾರದ ಹಾಗೆ ಒಂದು ಮೂಲೆಗೆ ಇಸ್ತ್ರಿಪೆಟ್ಟಿಗೆ, ಇನ್ನೊಂದು ಮೂಲೆಗೆ ಹಾರ್ಡ್ ಡಿಸ್ಕ್.

"ಎರಡು ವಾರದಿಂದ ನೀನು ಕೇಳಲಿಲ್ಲ. ಸುಮ್ನೆ ಕೂತಿತ್ತು. ಭಾರವೂ ಹದವಾಗಿದೆ, ಬಟ್ಟೆ ಅಲ್ಲಾಡಲ್ಲ" ಎಂದರು.

"ಕೆಳಗೆ ಬಿದ್ದಿಲ್ಲ ತಾನೇ?"

"ಛೆ, ಇಲ್ಲಪ್ಪ." ಸೂಜಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದರು. "ಒಂದು ಸಲ ಬಿತ್ತು. ಮೊನ್ನೆಯದು ಸೇರಿಸಿದ್ರೆ ಎರಡು. ಆದ್ರೆ ತುಂಡು ಬಟ್ಟೆ ರಾಶಿ ಮೇಲೇ ಬಿದ್ದದ್ದು ಕಣಯ್ಯ, ನಿನ್ನಾಣೆ!"

ಮಾವ ಅದನ್ನು ಎರಡೂ ಅಂಗೈಯಲ್ಲಿ ಹಿಡಿದು, ಗೂಡಿಂದ ಬಿದ್ದ ಮರಿಯನ್ನು ಒಯ್ಯುವ ಹಾಗೆ ಮನೆಗೆ ತಂದರು. ನಾನು ಮುಂದೆ ಮುಂದೆ ಓಡಿ ಗೇಟು ತೆರೆದೆ, ಬಾಗಿಲು ತೆರೆದೆ. ಕಂಪ್ಯೂಟರಿನ ಸುತ್ತ ನಾಲ್ವರೂ ನಿಂತೆವು. ಅತ್ತೆಯ ಕಂಕುಳಲ್ಲಿ ಬಟಾಣಿ. ಸಿಗಿಸಿದೆ. ಟಿಕ್ ಎಂದಿತು. ಇನ್ನೊಮ್ಮೆ ಟಿಕ್. ಆಮೇಲೆ ಏನೂ ಇಲ್ಲ. ನನಗೆ ಹನ್ನೊಂದನೇ ಕಾಲುಚೀಲ ನೆನಪಾಯಿತು.

"ಸ್ವಲ್ಪ ಹೊತ್ತು ಕೊಡು, ಎರಡು ವಾರ ಬೇರೆ ಉದ್ಯೋಗದಲ್ಲಿತ್ತು" ಎಂದರು ನನ್ನ ಗಂಡ.

ಗುಂಯ್ ಎಂದು ತಿರುಗತೊಡಗಿತು. ಹೆಸರುಗಳು ಒಂದೊಂದಾಗಿ ಪರದೆಗೆ ಬಂದವು. 'ಐದನೇ ಕ್ಲಾಸು, ಒಬ್ಬಳು ಬರಬೇಕು' ಎಂದು ಮಾವ ಹೆಸರಿಟ್ಟ ಫೋಲ್ಡರ್. ಹತ್ತೂ ಇದ್ದವು.

"ನೋಡು, ಇಪ್ಪತ್ತು ವರ್ಷದಿಂದ ನನಗೇ ಹೇಳಿಲ್ಲ ಈ ಮನುಷ್ಯ!" ಎಂದು ಅತ್ತೆ ಕಣ್ಣೊರೆಸಿಕೊಂಡು ಬೈದರು.

ಆಗಲೇ ಮೊದಲ ಸಲ ನಾನು ಆ ಎಂಟು ಫೋಟೋಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದ್ದು. ಖಾಲಿ ಜಾಗದ ಎಡಕ್ಕೆ ಎರಡು ಜಡೆಯ ಒಬ್ಬಳು, ಬಲಕ್ಕೆ ದಪ್ಪ ಕೆನ್ನೆಯ ಒಬ್ಬ ಹುಡುಗ. ಮೊದಲನೆಯದರಲ್ಲಿ ಇಬ್ಬರೂ ನೆಟ್ಟಗೆ ನಿಂತಿದ್ದಾರೆ. ಎರಡನೆಯದರಲ್ಲಿ ಹುಡುಗ ಅರ್ಧ ಹೆಜ್ಜೆ ಒಳಗೆ ಬಂದಿದ್ದಾನೆ. ಮೂರನೆಯದರಲ್ಲಿ ಜಡೆಯವಳ ಮೊಣಕೈ ಹೊರಬಂದು ಅವನ ಪಕ್ಕೆಗೆ ತಗುಲಿದೆ. ಐದನೆಯದರಲ್ಲಿ ಇಡೀ ಕ್ಲಾಸು ಕ್ಯಾಮೆರಾ ನೋಡುತ್ತಿದ್ದರೆ ಅವಳೊಬ್ಬಳು ಅವನನ್ನು ಗುರಾಯಿಸುತ್ತಿದ್ದಾಳೆ. ಆರರಲ್ಲಿ ಹುಡುಗನ ಬಾಯಿ ಓ ಎಂದಿದೆ. ಕೆಳಗೆ ಕಾಲಿಗೇನಾಯಿತೋ ಫೋಟೋದಲ್ಲಿ ಕಾಣದು. ಎಂಟರ ಹೊತ್ತಿಗೆ ಮೊಣಕೈ ಹಾಗೇ ಇದೆ, ಅವನು ಮೊದಲಿನ ಜಾಗಕ್ಕೆ ಹೋಗಿದ್ದಾನೆ, ಅವಳು ಬಾಯಿ ತುಂಬ ನಗುತ್ತಿದ್ದಾಳೆ.

"ಗಟ್ಟಿಗಿತ್ತಿ" ಎಂದರು ಮಾವ. ಎಂಟನ್ನೂ ನನ್ನ ಫೋನಿಗೆ ಹಾಕಿಕೊಳ್ಳಲು ಹೇಳಿದರು.

ಸೋಮವಾರ ಒಂಬತ್ತೂಮುಕ್ಕಾಲಿನ ಬಿಸಿಲಿಗೆ ಸರಿಯಾಗಿ ಶಾಲೆಯ ಅಂಗಳದಲ್ಲಿದ್ದೆವು. ಬೆಳಕು ತಿರುಗಿಸುವ ಬಿಳಿ ಬಟ್ಟೆ ಹಿಡಿಯಲು ನಾನು. ಬಟ್ಟೆಯ ಕೆಳಗೆ ಬಚ್ಚಿಟ್ಟುಕೊಳ್ಳಲು ಬಟಾಣಿ. ಹುಡುಗಿ ಎರಡು ಊರುಗೋಲಿನ ಮೇಲೆ ಬಂದಳು. ಕಾಲಿನ ಪ್ಲಾಸ್ಟರ್ ಮೇಲೆ ಯಾರೋ ಬಿಡಿಸಿದ ಮೀಸೆ. ಮಾವ ನಿಲ್ಲುವ ಜಾಗ ತೋರಿಸಿದರು. ಅವಳು ಫೋಟೋ ನೋಡದೆಯೇ ಕೇಳಿದಳು, "ನನ್ನ ಪಕ್ಕ ಯಾರು?"

"ಎರಡು ಜಡೆ."

"ಹಾಗಾದ್ರೆ ನಾನು ನಿಲ್ಲಲ್ಲ." ಊರುಗೋಲು ಕುಟ್ಟಿದಳು. "ಬೇರೆ ಕಡೆ ಹಾಕಿ ಅಂಕಲ್. ತುದೀಲಿ ಆದ್ರೂ ಪರ್ವಾಗಿಲ್ಲ. ಎಂಟು ವಾರ, ಒಂದು ಸಲಾನೂ ನೋಡೋಕೆ ಬರಲಿಲ್ಲ ಅವಳು."

ಎರಡು ಜಡೆಯವಳು ಕ್ಲಾಸಿನ ಕಂಬದ ಹಿಂದೆಯೇ ಇದ್ದಳು. ಕಂಬಕ್ಕಿಂತ ಜಡೆಗಳು ಆಚೆ ಕಾಣುತ್ತಿದ್ದವು.

ಮಾವ ಬುದ್ಧಿ ಹೇಳಲು ಹೋಗಲಿಲ್ಲ. ಲೆನ್ಸ್ ಒರೆಸುತ್ತ, "ತೋರಿಸಮ್ಮ" ಎಂದರಷ್ಟೆ. ನಾನು ಫೋನ್ ಅವಳ ಕೈಗೆ ಕೊಟ್ಟು ಒಂದೊಂದಾಗಿ ಸರಿಸಿದೆ. ಮೂರನೆಯದಕ್ಕೆ ಅವಳ ಹುಬ್ಬು ಏರಿತು. ಐದನೆಯದಕ್ಕೆ ತುಟಿ ಬಿಗಿಯಿತು, ನಗು ತಡೆಯಲು. ಆರನೆಯದಕ್ಕೆ, ಆ ಹುಡುಗನ ಓ ಎಂಬ ಬಾಯಿಗೆ, ಕಿಸಕ್ಕನೆ ನಕ್ಕುಬಿಟ್ಟಳು.

"ಇನ್ನೊಂದು ಸಲ ಆಂಟಿ. ಮೊದಲಿಂದ."

ಎರಡು ಸಲ ನೋಡಿ ಕಂಬದ ಕಡೆ ಕೂಗಿದಳು, "ಏಯ್, ಬಾರೇ ಇಲ್ಲಿ! ನನ್ನ ಜಾಗಕ್ಕೆ ಇಷ್ಟೊಂದು ಗುದ್ದಾಡಿದೋಳು ನನ್ನ ನೋಡೋಕೆ ಯಾಕೆ ಬರಲಿಲ್ಲ?"

"ಆಸ್ಪತ್ರೆ ವಾಸನೆಗೆ ನನಗೆ ವಾಂತಿ ಬರುತ್ತೆ ಕಣೇ" ಎಂದಳು ಜಡೆಯವಳು ನೆಲ ನೋಡುತ್ತ. "ಗೇಟಿನ ತನಕ ಬಂದಿದ್ದೆ. ಮೂರು ಸಲ."

"ಗೇಟಿನ ತನಕ ಬಂದ್ರೆ ನನಗೆ ಹೇಗೆ ಗೊತ್ತಾಗಬೇಕು, ಕೋತಿ?"

ಊರುಗೋಲು ಫೋಟೋದಲ್ಲಿ ಬರಬಾರದು, ಒಂಟಿಕಾಲಿನಲ್ಲಿ ನಿಲ್ಲಲೂ ಆಗದು. ಜಡೆಯವಳು ತಾನಾಗಿಯೇ ಫೋಟೋದಲ್ಲಿ ಮುಂದಿನ ಸಾಲಿನ ಮರೆಗೆ ಹೋಗುವಷ್ಟು ತಗ್ಗಿ ಕುಕ್ಕರಗಾಲಲ್ಲಿ ಕೂತು ಹೆಗಲು ಕೊಟ್ಟಳು. ಗೆಳತಿ ಅದರ ಮೇಲೆ ಕೈಯೂರಿ ನೆಟ್ಟಗೆ ನಿಂತಳು. "ಹಲ್ಲುಜ್ಜದೆ ಬಂದವರು ಮಾತ್ರ" ಎಂದು ಮಾವ ಶುರುಮಾಡುವಷ್ಟರಲ್ಲಿ, ಬಿಳಿ ಬಟ್ಟೆಯ ಕೆಳಗಿನಿಂದ ಬಟಾಣಿ ಬಾಯಿ ತೆರೆದು ತನ್ನ ಎಲ್ಲ ಹಲ್ಲುಗಳನ್ನೂ ತೋರಿಸಿದಳು. ಫೋಟೋ ಚೆನ್ನಾಗಿ ಬಂತು.

ಯಾವುದಕ್ಕೆ ಸೇರಿಸಲಿ ಎಂದು ಮಾವ ಹುಡುಗಿಯನ್ನೇ ಕೇಳಿದ್ದರು. ಮೊದಲನೆಯದಾದರೆ ಎಲ್ಲ ನೆಟ್ಟಗಿದೆ. ಎಂಟನೆಯದಾದರೆ ಆ ಮೊಣಕೈ ಅವಳ ಹೊಟ್ಟೆಗೇ ತಿವಿದಂತೆ ಕಾಣುತ್ತದೆ. ಅವಳು ಎಂಟನೆಯದೇ ಬೇಕೆಂದಳು. ಶುಕ್ರವಾರ ಮೂವತ್ತೇಳು ಮಕ್ಕಳ ಕೈಗೂ ಫೋಟೋ ಸೇರಿತು. ಅತ್ತೆ ರಟ್ಟಿನ ಮೇಲೆ ಬರೆದ ಹೆಸರುಗಳಲ್ಲಿ ಎರಡನೇ ಸಾಲು, ಬಲದಿಂದ ನಾಲ್ಕನೆಯದು, ಉಳಿದವುಗಳಷ್ಟೇ ದಪ್ಪ ಅಕ್ಷರದಲ್ಲಿತ್ತು.

ಮರುದಿನ ನಾನೂ ಮಾವನೂ ಕಂಪ್ಯೂಟರ್ ಅಂಗಡಿಗೆ ಹೋದೆವು. ಈ ಸಲ ಬಟಾಣಿ ಮಾವನ ಹೆಗಲ ಮೇಲೆ, ವೈರುಗಳಿಗೆ ಎಟುಕದ ಎತ್ತರದಲ್ಲಿದ್ದಳು. ನನ್ನ ಎರಡು ಕಿವಿಯೂ ಅಂಗಡಿಯಾಕೆಯ ಕಡೆಗಿದ್ದವು. ನಾಲ್ಕು ಡಿಸ್ಕಿನದನ್ನು ಬಿಟ್ಟೆವು. ಎರಡು ಡಿಸ್ಕಿನ ಹೊಸ ಪೆಟ್ಟಿಗೆಯಲ್ಲಿ ದೊಡ್ಡ ಡಿಸ್ಕ್‌ಗಳನ್ನೇ ಹಾಕಿಸಿದೆವು, ಯಾವುದನ್ನೂ ಅಳಿಸಬೇಕಾಗಿಲ್ಲದಷ್ಟು. ಇದು ತಿಂಗಳ ಹಿಂದಿನವರೆಗೂ ಯಾವ ದಿನ ಏನಿತ್ತೆಂದು ನೆನಪಿಟ್ಟುಕೊಳ್ಳುತ್ತದೆ. ತುಂಬಿದಾಗ ಡಿಸ್ಕ್‌ಗಳನ್ನು ಒಂದೊಂದಾಗಿ ಇನ್ನೂ ದೊಡ್ಡದಕ್ಕೆ ಬದಲಿಸಿದರಾಯಿತು. ಇನ್ನೊಂದು, ಒಂದೇ ಡಿಸ್ಕಿನ ಚಿಕ್ಕ ಪೆಟ್ಟಿಗೆ. ಅದು ಟೈಲರ್ ಅಂಗಡಿಯ ಗುಂಡಿಗಳ ಡಬ್ಬಿಯ ಪಕ್ಕ. ದಿನವೂ ನಮ್ಮ ಮನೆಯದರ ಪ್ರತಿಯನ್ನು ಇಂಟರ್ನೆಟ್ಟಿನಲ್ಲಿ ತಾನೇ ಎಳೆದುಕೊಳ್ಳುತ್ತದೆ. ಒಂದೇ ಥರದ ಫೋಟೋ ಹುಡುಕುವ ಸೌಲಭ್ಯವನ್ನು ಎರಡರಲ್ಲೂ ಮೊದಲ ದಿನವೇ ನಾನೇ ಬಂದ್ ಮಾಡಿದೆ. ಕಾಲುಚೀಲಗಳು ಒಂದೊಂದಾಗಿ ಖಾಲಿಯಾಗುತ್ತಿವೆ. ಅತ್ತೆ ಅವನ್ನು ಒಗೆದು ಜೋಡಿ ಹುಡುಕುತ್ತಿದ್ದಾರೆ. ಹತ್ತೊಂಬತ್ತಕ್ಕೆ ಜೋಡಿ ಸರಿಹೋಗುವುದಿಲ್ಲ ಎಂದು ಅವರಿಗೆ ಇನ್ನೂ ಯಾರೂ ಹೇಳಿಲ್ಲ.

ಮಾವ ಶನಿವಾರ ಈಗಲೂ ಎರಡು ಸಲ ಹೋಗುತ್ತಾರೆ. "ಪ್ರತಿ ತಾನಾಗೇ ಹೋಗುತ್ತಲ್ಲ ಮಾವ?" ಎಂದರೆ, "ಹರಟೆ ತಾನಾಗೇ ಹೋಗುತ್ತಾ?" ಎನ್ನುತ್ತಾರೆ.

ನಿನ್ನೆ ಟೈಲರ್ ಫೋನ್ ಮಾಡಿದ್ದರು. ಮಾವ ಬಟಾಣಿಗೆ ಶೂ ತೊಡಿಸುತ್ತಿದ್ದರಿಂದ ಸ್ಪೀಕರಿನಲ್ಲಿ ಹಾಕಿದೆ.

"ಏನಯ್ಯ, ಈ ಹೊಸ ಪೆಟ್ಟಿಗೆ ಭಾರಿ ಹಗುರ. ಬಟ್ಟೆ ಮೇಲಿಟ್ರೆ ನಿಲ್ಲಲ್ಲ. ನನ್ನ ಹಳೇ ಡಿಸ್ಕ್ ವಾಪಸ್ ಕೊಟ್ಟುಬಿಡು."

"ಪೆಟ್ಟಿಗೇನ ಬಟ್ಟೆ ಮೇಲಿಟ್ಟೆಯಾ? ಮುಟ್ಟಬೇಡಯ್ಯ ಅದನ್ನ!" ಎಂದು ಮಾವ ಅರ್ಧ ಎದ್ದರು. ಮತ್ತೆ ಕೂತು, ಲೇಸಿನ ಗಂಟು ಬಿಗಿಮಾಡಿ ಹೇಳಿದರು: "ಹಳೇದು ಕೊಡ್ತೀನಿ. ನಿನ್ನ ಕೋಟಿನ ಮೂಲೆಗೆ ಇಟ್ಕೋ. ಆದ್ರೆ ಈ ವರ್ಷದ ಮಕ್ಕಳನ್ನ ಅದರೊಳಗೇ ಬಿಟ್ಟು ಕೊಡ್ತೀನಿ. ಅಳಿಸಲ್ಲ."